ಕಡಲಹಕ್ಕಿಯ ಬೆನ್ನಿನ ಭಾರ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷಿದ್ಧವಾಗಿ, ಮಂಗಳೂರಿನ ದಕ್ಕೆಯಲ್ಲಿ ಟ್ರಾಲ್ ಬೋಟುಗಳೂ ಪರ್ಸೀನ್ ಬೋಟುಗಳೂ ಒತ್ತೊತ್ತಾಗಿ ನಿಂತಿರುವ ದಿನಗಳಲ್ಲಿಯೇ, ಅಂಟಾರ್ಕ್ಟಿಕದ ಬಂಡೆಸಂದುಗಳಲ್ಲಿ ಹುಟ್ಟಿದ, ನಲವತ್ತು ಗ್ರಾಂ ಆಸುಪಾಸು ತೂಗುವ ವಿಲ್ಸನ್ ಸ್ಟಾರ್ಮ್ ಪೆಟ್ರೆಲ್ ಎಂಬ ಹಕ್ಕಿಯು ಅರಬ್ಬೀ ಸಮುದ್ರದ ಮುಂಗಾರಿನಲೆಗಳ ಮೇಲೆ ಆಹಾರವನ್ನರಸುತ್ತಿರುತ್ತದೆ. ಆಳದ ತಣ್ಣೀರು ಪೋಷಕಲವಣಗಳನ್ನು ಹೊತ್ತು ಮೇಲೇರಿ, ಬೂತಾಯಿ ಬಂಗುಡೆಗಳ ಸಮೃದ್ಧಿಗೆ ಅಡಿಪಾಯವಾಗುವ ಈ ಕಾಲದಲ್ಲಿಯೇ ಕಡಲಿನ ಮೇಲೆ ಮನುಷ್ಯನ ಕಣ್ಣು ಅತ್ಯಲ್ಪ. ಬಿರುಗಾಳಿಗೆ ಸಿಕ್ಕಿ ಬಸವಳಿದು ದಡದ ಮರಳಿಗೆ ಬಿದ್ದಾಗಲೇ ಇಂತಹ ಹಕ್ಕಿಗಳ ಪರಿಚಯ ನಮ್ಮಲ್ಲನೇಕರಿಗೆ ಆಗುವುದು.

ಹಕ್ಕಿಯ ಮೈಗೆ ಸಂವೇದಕವೊಂದನ್ನು ಕಟ್ಟಿ ಅದರ ಸಂಚಾರವನ್ನು ತಿಳಿಯುವ ವಿದ್ಯೆಯು, 1990ರಲ್ಲಿ ಫ್ರೆಂಚ್ ವಿಜ್ಞಾನಿಗಳಾದ ಜುವಾಂತೆ ಮತ್ತು ವೈಮರ್ಸ್ಕಿರ್ಶ್ ಇವರು ಆಲ್ಬಟ್ರಾಸಿನ ಯಾನವನ್ನು ಉಪಗ್ರಹದ ಮೂಲಕ ಪ್ರಕಟಿಸಿದಂದಿನಿಂದ ಬಹುದೂರ ಸಾಗಿಬಂದಿದೆ. ಆದರೆ ಭಾರವು ಮೈತೂಕದ ಶೇಕಡಾ ಮೂರನ್ನು ಮೀರಬಾರದೆಂಬ ರೂಢಿಯ ನಿಯಮವನ್ನು ಅನ್ವಯಿಸಿದರೆ, ನಮ್ಮ ಪೆಟ್ರೆಲ್ಲಿನ ಪಾಲಿಗೆ ಉಳಿಯುವುದು ಗ್ರಾಂ ಒಂದರ ಆಚೀಚೆ ಮಾತ್ರ. ಆರ್ಕ್ಟಿಕ್ ರೀವ (ಟರ್ನ್) ಹಕ್ಕಿಯು ಗ್ರೀನ್‌ಲೆಂಡಿನಿಂದ ದಕ್ಷಿಣಧ್ರುವ ಸಮುದ್ರಕ್ಕೆ ಹೋಗಿ ಮರಳುವುದರಲ್ಲಿ ಎಪ್ಪತ್ತು ಸಾವಿರ ಕಿಲೋಮೀಟರಿಗೂ ಮಿಕ್ಕು ಹಾರುವುದೆಂದು 2010ರಲ್ಲಿ ತಿಳಿಸಿದ್ದು 1.4 ಗ್ರಾಮಿನ ಉಪಕರಣ. ಅದು ಬರಿಯ ಬೆಳಕನ್ನಳೆಯುತ್ತದೆ: ಹಗಲಿನ ದೀರ್ಘತೆಯಿಂದ ಅಕ್ಷಾಂಶ, ನಡುಹಗಲಿನ ಘಳಿಗೆಯಿಂದ ರೇಖಾಂಶ. ಹಗಲು ವರ್ಷವಿಡೀ ಹೆಚ್ಚು ಹಿಗ್ಗದೆ ಕುಗ್ಗದೆ ಇರುವ ನಮ್ಮ ಸೀಮೆಯಲ್ಲಿ ಈ ಗಣಿತವು ಮುಗ್ಗರಿಸುವುದರಿಂದ, ನೀರಿನ ಉಷ್ಣತೆಯನ್ನೂ ದಾಖಲಿಸುವ ಕಿರುಸಂವೇದಕವು ಇಲ್ಲಿಯ ಅಗತ್ಯಕ್ಕೆ ತಕ್ಕಂತೆ ಇಲ್ಲಿಯೇ ರೂಪುಗೊಳ್ಳಬೇಕಾಗಿದೆ.

ಇಸ್ರೋದ ಸರಲ್ (2013) ಮತ್ತು ಇಒಎಸ್-06 (2022) ಉಪಗ್ರಹಗಳು ಹಕ್ಕಿಗೆ ಕಟ್ಟಿದ ಪ್ರೇಷಕಗಳ ಸಂಕೇತವನ್ನು ಗ್ರಹಿಸುವ ಆರ್ಗೋಸ್ ಯಂತ್ರವನ್ನು ಹೊತ್ತು ಹೋಗಿರುವಾಗ, ಆಯಾ ಕ್ಷಣದ ನೆಲೆಯನ್ನು ಆಯಾ ಕ್ಷಣವೇ ತಿಳಿಯಬಾರದೇಕೆ ಎಂದು ಕೇಳುವವರುಂಟು. ಕಿರುಹಕ್ಕಿಗೆ ಅಂತಹ ಪ್ರೇಷಕವು ಭಾರವೆಂಬುದು ಒಂದು ಉತ್ತರ. ನನಗೆ ಮುಖ್ಯವಾದುದು ಮತ್ತೊಂದು. ಹಕ್ಕಿಗಳು ಮುತ್ತಿದೆಡೆಯಲ್ಲಿ ಮೀನಿನ ಗುಂಪಿದೆಯೆಂದು ಬಲೆ ಬೀಸುವುದು ಮೀನುಗಾರರು ಬಲ್ಲ ವಿದ್ಯೆಯೇ ಆಗಿರಲು, ಹಕ್ಕಿಯ ನೆಲೆಯು ಮೊಬೈಲಿನಲ್ಲಿ ಕಾಣಿಸತೊಡಗಿದರೆ ಪರ್ಸೀನ್ ಬಲೆಗಿಂತ ಮೊದಲು ಆ ಮೀನನ್ನು ಮುಟ್ಟುವ ಭಾಗ್ಯ ಹಕ್ಕಿಗೆ ಎಷ್ಟು ದಿನ? ದಕ್ಷಿಣ ಹಿಂದೂ ಮಹಾಸಾಗರದಲ್ಲಿ 169 ಆಲ್ಬಟ್ರಾಸುಗಳಿಗೆ ರಾಡಾರ್-ಗ್ರಾಹಕವನ್ನು ಕಟ್ಟಿ, ಗುರುತು ಮುಚ್ಚಿಟ್ಟು ಸಂಚರಿಸುವ ಹಡಗುಗಳನ್ನು ಪತ್ತೆಹಚ್ಚಿದ ವೃತ್ತಾಂತವು 2020ರಲ್ಲಿ ಪ್ರಕಟವಾಯಿತು. ಕಾವಲುಗಾರನಾಗಬಲ್ಲ ಹಕ್ಕಿ, ಕೈತಪ್ಪಿದರೆ ಬೇಹುಗಾರನೂ ಆದೀತು. ಆದುದರಿಂದ ತಿಳಿದುದನ್ನು ಒಡಲಲ್ಲಿಟ್ಟುಕೊಂಡು ತಡವಾಗಿ ಹೇಳುವ ಉಪಕರಣವೇ ನಮಗೆ ಯೋಗ್ಯ.

ಅಂತಹುದನ್ನು ಮರಳಿ ಪಡೆಯಲು ಹಕ್ಕಿಯು ಗೂಡಿಗೆ ಬರಬೇಕಾದುದರಿಂದ, ಪೆಟ್ರೆಲ್ಲನ್ನು ಬಿಟ್ಟು, ಲಕ್ಷದ್ವೀಪದ ಕವರತ್ತಿಗೆ ಸಮೀಪದ ಪಿಟ್ಟಿಯಲ್ಲಿ ಮೊಟ್ಟೆಯಿಡುವ ರೀವಗಳಿಂದ ಆರಂಭಿಸುವುದು ವಿಹಿತ. ಆ ದ್ವೀಪಸಮೂಹವು ನಮಗೆ ಪರಕೀಯವಲ್ಲ. ಅದರ ಅಮಿನದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಮಂಜಿ ಹಡಗುಗಳು ಅಲ್ಲಿಗೆ ಸಾಮಾನು ಹೊತ್ತದ್ದು ನಮ್ಮ ಹಳೆಬಂದರಿನಿಂದಲೇ. ಸುರತ್ಕಲ್ಲಿನ ತಾಂತ್ರಿಕ ವಿದ್ಯಾಲಯವೂ 1969ರಲ್ಲಿ ಸ್ಥಾಪಿತವಾದ ಮೀನುಗಾರಿಕಾ ಕಾಲೇಜೂ ಒಂದೇ ನಗರದಲ್ಲಿರುವಾಗ ವಿದ್ಯುನ್ಮಾನ ಬಲ್ಲವರನ್ನೂ ಕಡಲು ಬಲ್ಲವರನ್ನೂ ಕೂಡಿಸುವುದು ಕಷ್ಟವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅನುಮತಿ ದೊರೆತ ಮೇಲೂ, ಮೊದಲ ಋತುವಿನಲ್ಲಿ ಉಪಕರಣದಷ್ಟೇ ತೂಕದ ನಿರ್ಜೀವ ಗುಂಡಿಯೊಂದನ್ನು ಕೆಲವೇ ಹಕ್ಕಿಗಳಿಗೆ ಕಟ್ಟಿ, ಅವುಗಳ ಮರಿಗಳು ನೆರೆಗೂಡಿನ ಮರಿಗಳಂತೆಯೇ ಬೆಳೆಯುವುವೇ ಎಂದು ನೋಡತಕ್ಕದ್ದು. ಫಲಿತಾಂಶವಿಲ್ಲದ ವರ್ಷವೆಂದು ತೋರಬಹುದಾದ ಆ ವೆಚ್ಚವನ್ನೇ ಅನುದಾನದ ಅರ್ಜಿಯಲ್ಲಿ ಎಲ್ಲಕ್ಕಿಂತ ಮೊದಲು ಬರೆಯತಕ್ಕದ್ದು.