ಭಾಷಣಕ್ಕೆ ರಜೆ ಸಿಕ್ಕಿತು, ಓಟಿಗೆ ಸಿಗಲಿಲ್ಲ

ಚೆನ್ನೈನ ಪ್ಯಾರೀಸ್ ಕಾರ್ನರ್‌ನಲ್ಲಿ ನನ್ನ ಆಫೀಸು. ಬಂದರಿನ ಸರಕಿನ ಲೆಕ್ಕ ಇಡುವ ಸಾಫ್ಟ್‌ವೇರ್ ಮೇಲೆ ನನ್ನ ಕೆಲಸ. 2024ರ ಏಪ್ರಿಲ್ 17ರ ಸಂಜೆ, ತಮಿಳುನಾಡಿನಲ್ಲಿ ಪ್ರಚಾರ ಮುಗಿಯಲು ಇನ್ನೇನು ಅರ್ಧ ಗಂಟೆ ಇರುವಾಗ, ಎನ್‌.ಎಸ್‌.ಸಿ. ಬೋಸ್ ರಸ್ತೆಯ ತಿರುವಿನಲ್ಲಿ ಕಾರ್ಯಕರ್ತನೊಬ್ಬ ನನ್ನ ಕೈಗೆ ಕರಪತ್ರ ತುರುಕಿದ. ನನಗೆ ಇಲ್ಲಿ ಓಟಿಲ್ಲ ಎಂದೆ. ಬಂದು ಎಷ್ಟು ವರ್ಷವಾಯಿತು ಎಂದು ಕೇಳಿದ. ಎಂಟು ಎಂದೆ. ನಕ್ಕು ಕರಪತ್ರ ವಾಪಸ್ ತೆಗೆದುಕೊಂಡ. ಕಾಗದ ದಂಡವಾಗಬಾರದಲ್ಲ!

ತಮಿಳುನಾಡಿಗೆ ಮತದಾನ 19ರ ಶುಕ್ರವಾರ. ನಮ್ಮೂರೂ ಸೇರಿದಂತೆ ಕರ್ನಾಟಕದ 14 ಕ್ಷೇತ್ರಗಳಿಗೆ ಮುಂದಿನ ಶುಕ್ರವಾರ, 26ಕ್ಕೆ. ಅಂದರೆ ನನಗೆ ಓಟಿಲ್ಲದ ದಿನ ರಜೆ, ಓಟಿರುವ ದಿನ ಕೆಲಸ. 2019ರಲ್ಲಿ ಹೀಗಿರಲಿಲ್ಲ. ಎರಡೂ ಕಡೆ ಏಪ್ರಿಲ್ 18ರಂದೇ ಮತದಾನ, ಮರುದಿನ ಗುಡ್ ಫ್ರೈಡೇ. ಆರಾಮಾಗಿ ಹೋಗಿ ಓಟು ಹಾಕಿ ಬಂದಿದ್ದೆ. ಈ ಸಲ 19ರ ರಜೆಗೆ ಶನಿವಾರ, ಭಾನುವಾರ ಸೇರಿಸಿಕೊಂಡು ಊರಿಗೆ ಹೋದೆ. ಶನಿವಾರ ಸಂತೆ ಮೈದಾನದಲ್ಲಿ ಅಭ್ಯರ್ಥಿಯೊಬ್ಬರ ಸಭೆ ಇತ್ತು. ಯಾವ ಪಕ್ಷ ಎಂಬುದು ಇಲ್ಲಿ ಬೇಡ.

ನಮ್ಮದು ಕೊಬ್ಬರಿ ಸೀಮೆ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಪೇಟೆಯಲ್ಲಿ ಸಿಗುತ್ತಿದ್ದದ್ದು ಅದಕ್ಕಿಂತ ಎಷ್ಟೋ ಕಡಿಮೆ. ಆರು ಗಂಟೆಗೆ ಎಂದಿದ್ದ ಸಭೆಗೆ ಅಭ್ಯರ್ಥಿ ಬಂದದ್ದು ಎಂಟಕ್ಕೆ. ಅಷ್ಟು ಹೊತ್ತು ಮಜ್ಜಿಗೆ ಕುಡಿದು ಕೂತಿದ್ದ ಜನ ತಮಟೆ ಸದ್ದಿಗೆ ಎದ್ದು ನಿಂತರು. ದೇಶದ ಮಾತಾಯಿತು, ಎದುರಾಳಿಯ ಮಾತಾಯಿತು. ನಡುವೆ ಹಿರಿಯರೊಬ್ಬರು ‘ಕೊಬ್ಬರಿ ರೇಟಿನ ಸಮಾಚಾರ ಹೇಳಿ ಸ್ವಾಮಿ’ ಎಂದು ಕೂಗಿದರು. ಅಭ್ಯರ್ಥಿ ಕೈಮುಗಿದು, ‘ಗೆದ್ದ ಮೇಲೆ ಡೆಲ್ಲಿಗೆ ಹೋಗಿ ಮಾತಾಡ್ತೀನಿ’ ಎಂದರು. ಕೊಬ್ಬರಿಗೆ ಸಿಕ್ಕಿದ್ದು ಅದೊಂದೇ ವಾಕ್ಯ.

ನಾನು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದೆ. ಪಕ್ಕದಲ್ಲಿದ್ದ ಚಿಕ್ಕಪ್ಪ ಕೇಳಿದರು: ‘ಏನ್ಲಾ, ಭಾಷಣ ಕೇಳಕ್ಕೆ ಮದ್ರಾಸಿಂದ ಬಂದೆ, ಓಟಾಕಕ್ಕೆ ಬರಲ್ವಾ?’

ಉತ್ತರ ಇರಲಿಲ್ಲ. ತೋಟದಲ್ಲಿ ನೀರಿಲ್ಲದೆ ಸುಳಿ ಬಾಗಿದ್ದ ತೆಂಗು ಅವರದು. ಆ ಪ್ರಶ್ನೆ ಕೂಗಿದವರಿಗೆ ಬಲ ಬರುವುದು ಹಿಂದೆ ಓಟುಗಳಿದ್ದರೆ. ನನ್ನಂಥವರ ಹೆಸರು ಪಟ್ಟಿಯಲ್ಲಿದೆ, ಬೂತಿನಲ್ಲಿ ಆಳಿಲ್ಲ.

ಸೋಮವಾರ ಬಂದು ರಜೆ ಕೇಳಿದೆ. ‘ಇಲ್ಲಿ ಚುನಾವಣೆ ಮುಗಿಯಿತಲ್ಲ’ ಎಂಬ ಉತ್ತರ ಬಂತು. ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಮತದಾನದ ಹಕ್ಕಿರುವ ನೌಕರನಿಗೆ ಆ ದಿನ ಸಂಬಳಸಹಿತ ರಜೆ ಕೊಡಬೇಕು ಎನ್ನುತ್ತದೆ. ಅದನ್ನು ತೋರಿಸಿ ಜಗಳವಾಡಬಹುದಿತ್ತು. ಆಡಲಿಲ್ಲ, ಅದೇ ವಾರ ಒಂದು ರಿಲೀಸ್ ಇತ್ತು, ನನಗೂ ಅದೇ ನೆಪವಾಯಿತು. ವಿಧಾನಸಭೆಗೆ 2023ರ ಮೇ 10ರಂದು ಮತದಾನವಾದಾಗಲೂ ನಾನು ಹೋಗಿರಲಿಲ್ಲ. ಆಗಿನ ನೆಪ ಬೇರೆ.

ನಮಗಾಗಿ ಒಂದು ದಾರಿ ಹೊಳೆದಿತ್ತು. ವಲಸೆ ಹೋದವರು ಇದ್ದಲ್ಲಿಂದಲೇ ಓಟು ಹಾಕಲೆಂದು, ಒಂದೇ ಬೂತಿನಲ್ಲಿ 72 ಕ್ಷೇತ್ರಗಳನ್ನು ನಿಭಾಯಿಸುವ ಯಂತ್ರದ ಮಾದರಿಯನ್ನು ಚುನಾವಣಾ ಆಯೋಗ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಹಲವು ಪಕ್ಷಗಳು ವಿರೋಧಿಸಿದವು, 2024ರಲ್ಲಿ ಅದು ಬಳಕೆಗೆ ಬರಲಿಲ್ಲ. ದೂರದ ಬೂತಿನಲ್ಲಿ ಪ್ರತಿ ಪಕ್ಷದ ಏಜೆಂಟ್ ಕೂರುವುದು ಹೇಗೆ, ನೀತಿಸಂಹಿತೆ ಯಾರ ಮೇಲೆ? ಇವು ಸುಮ್ಮನೆ ಎತ್ತಿದ ತಕರಾರುಗಳಲ್ಲ. ಆದರೂ ಪರಿಹಾರ ಹುಡುಕಬೇಕಾದ್ದೇ. ಅಲ್ಲಿಯವರೆಗೆ ನಾವೇನು ಮಾಡಬೇಕು?

ನನ್ನ ಅಭಿಪ್ರಾಯ ಅನೇಕರಿಗೆ ಹಿಡಿಸಲಿಕ್ಕಿಲ್ಲ: ಖಂಡಿತ ಹೋಗುವುದಾದರೆ ಊರಿನಲ್ಲಿ ಹೆಸರು ಇರಲಿ, ಇಲ್ಲವಾದರೆ ವರ್ಗ ಮಾಡಿಸಿಕೊಳ್ಳಬೇಕು. ಕಾನೂನು ಕೇಳುವುದು ಸಾಮಾನ್ಯವಾಗಿ ಎಲ್ಲಿ ವಾಸ ಎಂದು. ಅಲ್ಲೊಂದು ಮನೆ ಇದೆ ಎಂಬ ಒಂದೇ ಕಾರಣ ಸಾಲದು. ತಾತ್ಕಾಲಿಕ ಗೈರುಹಾಜರಿಗೆ ವಿನಾಯಿತಿ ಇದೆ ನಿಜ. ಎಂಟು ವರ್ಷ ತಾತ್ಕಾಲಿಕವೇ? 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಮಣ್ಣಡಿಯ ಬಾಡಿಗೆ ಮನೆಯಲ್ಲಿ ಕರೆಂಟಿಲ್ಲದೆ, ಬೀದಿಯ ನೀರು ದಾಟಲಾಗದೆ ಕೂತಿದ್ದವನು ನಾನು. ಇಲ್ಲಿನ ಚರಂಡಿಯ ಬಗ್ಗೆ ನನಗೆ ಸಿಟ್ಟಿದೆ, ಓಟಿಲ್ಲ. ಅಲ್ಲಿನ ಕೊಬ್ಬರಿಯ ಬಗ್ಗೆ ಓಟಿದೆ, ಹಾಕುವುದಿಲ್ಲ.

‘ಹೆಸರು ತೆಗೆಸಿದರೆ ಊರಿನ ಋಣ ಹರಿದ ಹಾಗೆ’ ಎನ್ನುತ್ತಾರೆ ಅಪ್ಪ. ಋಣ ಹರಿಯುವುದಿಲ್ಲ ಎಂದು ನಾನು ವಾದಿಸಬಲ್ಲೆ. ಆದರೆ ಆ ಹಿರಿಯರ ಕೂಗಿನ ಹಿಂದೆ ಒಂದು ಓಟು ಕಡಿಮೆಯಾಗುತ್ತದೆ ಎಂಬುದಕ್ಕೆ ನನ್ನ ಬಳಿ ವಾದವಿಲ್ಲ.

26ರ ಮಧ್ಯಾಹ್ನ ಚಿಕ್ಕಪ್ಪ ಶಾಯಿ ಹಚ್ಚಿದ ಬೆರಳಿನ ಫೋಟೊ ಕಳಿಸಿದರು. ಕೆಳಗೆ ಒಂದಕ್ಷರವೂ ಇರಲಿಲ್ಲ. ಫಲಿತಾಂಶವೆಲ್ಲ ಬಂದ ಮೇಲೆ ವಿಳಾಸ ಬದಲಾವಣೆಯ ಫಾರಂ 8 ತುಂಬಿ ಕಳಿಸಿದ್ದೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ.