ನಾಯಿ ಹಿಡಿಯುವವರಿಗೂ ಪಾಠ ಬೇಕು

2025ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಹಾಗೂ ಲಸಿಕೆಯ ಬಳಿಕ ಆಶ್ರಯತಾಣಗಳಲ್ಲಿ ಇರಿಸಬೇಕೆಂದು ಆದೇಶಿಸಿತು. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ನಾನು ಇದನ್ನು ಒಪ್ಪುತ್ತೇನೆ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಈ ಕೆಲಸಕ್ಕಿಳಿಯುವವರಿಗೆ ಪಾಠ ಹೇಳುವವರು ಯಾರು?

ಇಗ್ನೋ ವಿಶ್ವವಿದ್ಯಾಲಯವು ಪ್ರಾಣಿಕಲ್ಯಾಣ ಕುರಿತು ದೂರಶಿಕ್ಷಣದ ಸ್ನಾತಕೋತ್ತರ ಡಿಪ್ಲೊಮಾ ರೂಪಿಸಿದೆ, ಅದು ಪದವೀಧರರಿಗೆ. ಬಲೆ ಹಿಡಿಯುವ, ಗೂಡು ತೊಳೆಯುವ ಕಾರ್ಮಿಕರಿಗೆ ಬೇಕಾದುದು ಮೊಬೈಲಿನಲ್ಲಿ ನೋಡಬಹುದಾದ ಕನ್ನಡದ ಕಿರುಪಾಠಗಳು: ಮುಂಜಾಗ್ರತೆಯ ರೇಬೀಸ್ ಲಸಿಕೆ, ಕಚ್ಚಿದ ಗಾಯವನ್ನು 15 ನಿಮಿಷ ಸಾಬೂನು ಹಚ್ಚಿ ತೊಳೆಯುವುದು, ಹೊಸದಾಗಿ ಬಂದ ನಾಯಿಯನ್ನು ಪ್ರತ್ಯೇಕವಾಗಿರಿಸುವುದು. 2020ರಲ್ಲಿ ಶಿಕ್ಷಕರು ದೀಕ್ಷಾ ವೇದಿಕೆಯ ಮೂಲಕ ಮನೆಯಿಂದಲೇ ತರಬೇತಿ ಪಡೆಯಲಿಲ್ಲವೆ? ಬಲೆ ಬೀಸುವುದನ್ನು ಮಾತ್ರ ಬಲ್ಲವರ ಎದುರಿನಲ್ಲೇ ಕಲಿಯಬೇಕು.

ಪಶುವೈದ್ಯರಾಗಿರುವ, ಪೌರಾಡಳಿತದಲ್ಲಿರುವ ನನ್ನ ವಿದ್ಯಾರ್ಥಿಗಳೇ, ಆ ಪಾಠಗಳನ್ನು ಕನ್ನಡದಲ್ಲಿ ಸಿದ್ಧಪಡಿಸಲು ನೀವು ಮುಂದಾಗಬೇಕು.