ಪಾಚಿಗೆ ಕ್ಯಾಮೆರಾ, ಅಣಬೆಗೆ ಕಸದಬುಟ್ಟಿ

ನಮ್ಮ ಆಫೀಸಿನ ಟ್ರೆಕ್ ಗುಂಪಿಗೆ ಒಂದು ಕಾಯಿಲೆ ಇದೆ. 'ಅಪರೂಪ' ಅನ್ನೋ ಪದ ಕೇಳಿದ್ರೆ ಸಾಕು, ಫೋನ್ ಕೈಗೆ ಬರುತ್ತೆ. ಹಿಮಾಲಯದ ಎತ್ತರದಲ್ಲಿ ಟಕಾಕಿಯಾ ಅನ್ನೋ ಪಾಚಿ ಇದೆ. ಅದರ ವಂಶ ಸುಮಾರು 39 ಕೋಟಿ ವರ್ಷ ಹಳೆಯದು, ಹವೆ ಬಿಸಿಯಾದಂತೆ ಈಗ ಕುಗ್ಗುತ್ತಿದೆ. ಅದಕ್ಕಾಗಿ ಎಲ್ಲರೂ ಮರುಗುತ್ತಾರೆ. ಮರುಗಲಿ, ತಪ್ಪೇನಿಲ್ಲ. ಆದರೆ ಅದೇ ಜನ ನಮ್ಮ ಸೊರಬದ ಕಾನಿಗೆ ಬಂದು, ಬಿದ್ದ ಮರದ ಮೇಲಿನ ಅಣಬೆ ನೋಡಿ 'ಇದು ಎಲ್ಲಾ ಕಡೆ ಇರುತ್ತೆ ಬಿಡಿ' ಅಂತಾರಲ್ಲ, ನನ್ನ ತಕರಾರು ಅದಕ್ಕೆ.

ಹೌದು, ಎಲ್ಲಾ ಕಡೆ ಇದೆ. ಶೈಜೋಫಿಲಮ್ ಕಮ್ಯೂನ್ ಅನ್ನೋ ಬೀಸಣಿಗೆಯಂಥ ಪುಟ್ಟ ಅಣಬೆ ಅಂಟಾರ್ಕ್ಟಿಕಾ ಬಿಟ್ಟು ಎಲ್ಲಾ ಖಂಡಗಳಲ್ಲೂ ಸಿಗುತ್ತೆ. ಸಾಮಾನ್ಯ ಅನ್ನೋದು ಅದರ ಹೆಸರಲ್ಲೇ ಇದೆ. ಒಣಗಿದಾಗ ಮುದುಡುತ್ತೆ, ಮಳೆ ಬಿದ್ದರೆ ಅರಳುತ್ತೆ. ಎಷ್ಟೋ ಪಾಚಿಗಳು ಮಾಡೋದೂ ಇದನ್ನೇ. ವ್ಯತ್ಯಾಸ ಇರೋದು ದುಡಿಮೆಯಲ್ಲಿ. ಪಾಚಿ ಬೆಳಕಿನಿಂದ ತನ್ನ ಊಟ ತಾನೇ ಮಾಡಿಕೊಂಡು ನೀರು ಹಿಡಿದಿಡುತ್ತೆ. ಮರದ ಅಣಬೆಗಳು ಸತ್ತ ಮರವನ್ನು ತಿಂದು ಮಣ್ಣಿಗೆ ಸೇರಿಸುತ್ತವೆ. ಅವು ಕೊಳೆಸಿ ಮೆತ್ತಗೆ ಮಾಡಿದ ದಿಮ್ಮಿಯ ಮೇಲೇ ಎಷ್ಟೋ ಪಾಚಿ ಹಬ್ಬುತ್ತೆ. ರಾತ್ರಿ ಸರ್ವರ್‌ನ ಹಳೇ ಫೈಲ್ ಅಳಿಸುವ ಸ್ಕ್ರಿಪ್ಟ್‌ಗೆ ಯಾರೂ ಚಪ್ಪಾಳೆ ತಟ್ಟಲ್ಲ. ಅದು ನಿಂತ ದಿನ ಮಾತ್ರ ಎಲ್ಲರ ಫೋನೂ ಬಡಿದುಕೊಳ್ಳುತ್ತೆ.

ಇದು ಬರೀ ಅಣಬೆಯ ಮಾತಲ್ಲ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬ ತಾಲ್ಲೂಕಿನಲ್ಲಿ 171 ಕಾನುಗಳನ್ನು ಲೆಕ್ಕ ಹಾಕಿದ್ದರು. ಒಟ್ಟು ಸುಮಾರು 13,000 ಹೆಕ್ಟೇರ್. ಆಮೇಲೆ ಎಷ್ಟೋ ಕಾನು ಗದ್ದೆ, ತೋಟ, ಅಕೇಶಿಯಾ ನೆಡುತೋಪು ಆದವು. ಪಕ್ಕದ ಸಿದ್ದಾಪುರದ ಕತ್ತಲೆಕಾನಿನಲ್ಲಿ ಅಪರೂಪದ ಮರಗಳು ಸಿಕ್ಕವು, ಹೆಸರು ಬಂತು. ಒಳ್ಳೇದೇ. ಅಂಥ 'ಸ್ಟಾರ್' ಯಾವುದೂ ಸಿಗದ ಶಿಕಾರಿಪುರದ ಕಡೆಯ ಕಾನಿಗೆ ಯಾರು ದಿಕ್ಕು? 'ಅಲ್ಲೇನಿದೆ ವಿಶೇಷ?' ಅನ್ನೋ ಪ್ರಶ್ನೆಯೇ ಗರಗಸಕ್ಕೆ ಪರ್ಮಿಟ್.

ಅಪರೂಪದ್ದು ಹೋದರೆ ಮತ್ತೆ ಬರಲ್ಲ ಅಂತೀರಿ. ನಿಜ. ಆದರೆ ಅದು ಬದುಕೋದು ಸಾಮಾನ್ಯರು ಕಟ್ಟಿದ ಮನೆಯಲ್ಲಿ. ಮನೆ ಕೆಡವಿ ಬಾಡಿಗೆದಾರನ ಫೋಟೋ ಹಂಚಿಕೊಂಡರೆ ಏನು ಬಂತು?

ಮುಂದಿನ ಸಲ ಕಾನಿಗೆ ಬಂದರೆ ಬಿದ್ದ ದಿಮ್ಮಿಯ ಮುಂದೆ ಹತ್ತು ನಿಮಿಷ ಕೂತ್ಕೊಳ್ಳಿ. ಅದನ್ನು 'ಕ್ಲೀನ್' ಮಾಡಿಸಬೇಕು ಅಂತ ಯಾರಾದ್ರೂ ಹೇಳಿದ್ರೆ, ಬೇಡ ಅನ್ನಿ. ಅಲ್ಲಿ ಕೆಲಸ ನಡೀತಿದೆ.